ಜ್ವರ ಬರುವ ಮುನ್ನ ಮೈಯೊಳಗೆ

ಡೆಂಗಿ ವೈರಸ್ ಹೊತ್ತ ಈಡಿಸ್ ಸೊಳ್ಳೆ ಕಚ್ಚಿದ ದಿನವೇ ಯಾರೂ ಹಾಸಿಗೆ ಹಿಡಿಯುವುದಿಲ್ಲ. ಜ್ವರ ಕಾಣಿಸಿಕೊಳ್ಳಲು 4ರಿಂದ 10 ದಿನ ಬೇಕು. ಆ ವೈರಸ್ಸಿಗೆಂದೇ ತಯಾರಾಗುವ ಪ್ರತಿಕಾಯಗಳು ರಕ್ತಪರೀಕ್ಷೆಯಲ್ಲಿ ಕಾಣುವಷ್ಟು ಹೆಚ್ಚಲು ಜ್ವರ ಶುರುವಾದ ಮೇಲೂ ಮೂರರಿಂದ ಐದು ದಿನ ಹಿಡಿಯುತ್ತದೆ. ಮೊದಲ ಸಲ ಸೋಂಕು ತಗುಲಿದವರ ಮೈಯನ್ನು ಅಲ್ಲಿಯವರೆಗೆ ಕಾಯುವುದು ಬೇರೆಯೇ ಒಂದು ವ್ಯವಸ್ಥೆ. ಅದಕ್ಕೆ ಲಸಿಕೆಯ ಪಾಠ ಬೇಕಿಲ್ಲ, ಹಿಂದಿನ ಕಾಯಿಲೆಯ ನೆನಪೂ ಬೇಕಿಲ್ಲ. ಹುಟ್ಟುವಾಗಲೇ ಮೈಯ ಬಹುಪಾಲು ಜೀವಕೋಶಗಳಲ್ಲಿ ಸಿದ್ಧವಾಗಿರುವ ಇದಕ್ಕೆ ಜನ್ಮಜಾತ ರೋಗರಕ್ಷಣೆ ಎಂದು ಹೆಸರು. ಪ್ರತಿಕಾಯಗಳಿಗೆ, ಲಸಿಕೆಗಳಿಗೆ ಸಿಕ್ಕ ಪ್ರಚಾರ ಇದಕ್ಕೆ ಸಿಕ್ಕಿಲ್ಲ. ಆದರೆ ಸೋಂಕು ಸದ್ದಿಲ್ಲದೆ ಅಡಗುತ್ತದೆಯೋ ಆಸ್ಪತ್ರೆ ಸೇರಿಸುತ್ತದೆಯೋ ಎಂಬುದು ಬಹಳ ಮಟ್ಟಿಗೆ ಈ ಮೊದಲ ಗಂಟೆಗಳಲ್ಲೇ ತೀರ್ಮಾನವಾಗುತ್ತದೆ.

ಬ್ಯಾಕ್ಟೀರಿಯವನ್ನು ಪರಕೀಯವೆಂದು ಗುರುತಿಸುವುದು ಅಷ್ಟು ಕಷ್ಟವಲ್ಲ. ಅದರ ಹೊರಗೋಡೆಯಲ್ಲಿ ಮನುಷ್ಯದೇಹ ಎಂದೂ ತಯಾರಿಸದ ವಸ್ತುಗಳಿರುತ್ತವೆ. ವೈರಸ್ಸಿನ ವಿಷಯ ಹಾಗಲ್ಲ. ಡೆಂಗಿ ವೈರಸ್ಸಿನ ಮೇಲಿರುವ ಕೊಬ್ಬಿನ ಪೊರೆ ಅದು ಹುಟ್ಟಿಬಂದ ಕೋಶದ್ದೇ. ಅದರ ಪ್ರೋಟೀನುಗಳು ತಯಾರಾಗುವುದೂ ಅದೇ ಕೋಶದ ರೈಬೊಸೋಮ್‌ಗಳಲ್ಲಿ, ಅದೇ ಕೋಶದ ಅಮೈನೊ ಆಮ್ಲಗಳಿಂದ. ಹೊರಗಿನದು ಎಂದು ಕೈಯಿಟ್ಟು ತೋರಿಸಬಹುದಾದದ್ದು ಬಹಳ ಕಡಿಮೆ. ಉಳಿಯುವ ಗಟ್ಟಿ ಸುಳಿವು ಅದರ ಆನುವಂಶಿಕ ವಸ್ತು: ಸುಮಾರು 10,700 ಅಕ್ಷರಗಳ, ಕೇವಲ 10 ಪ್ರೋಟೀನುಗಳಿಗೆ ಸೂಚನೆ ಹೊತ್ತ ಒಂದೇ ಒಂದು ಆರ್‌ಎನ್‌ಎ ಎಳೆ. ಅಲ್ಲೂ ತೊಡಕು ಇದ್ದೇ ಇದೆ. ಮನುಷ್ಯನ ಕೋಶದ ತುಂಬ ಅದೇ ನಾಲ್ಕು ಅಕ್ಷರಗಳಲ್ಲಿ ಬರೆದ ಸ್ವಂತ ಆರ್‌ಎನ್‌ಎ ತುಂಬಿಕೊಂಡಿರುತ್ತದೆ. ತನ್ನದು ಯಾವುದು, ಅನ್ಯರದು ಯಾವುದು ಎಂದು ಕೋಶ ಹೇಗೆ ಬಿಡಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಳೆದ ಮೂರು ದಶಕಗಳಲ್ಲಿ.

ಆ ಪ್ರಶ್ನೆಯನ್ನು ಸರಿಯಾಗಿ ಕೇಳಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಜೇನ್ವೇ. ರೋಗಾಣುಗಳಲ್ಲಿ ಮಾತ್ರ ಇರುವ, ಅವು ಸುಲಭವಾಗಿ ಬದಲಾಯಿಸಿಕೊಳ್ಳಲಾರದ ಕೆಲವು ಸ್ಥಿರ ವಿನ್ಯಾಸಗಳಿರಬೇಕು, ಅವನ್ನು ಹಿಡಿಯುವ ಗ್ರಾಹಿಗಳು ಮೈಯಲ್ಲಿ ಹುಟ್ಟಿನಿಂದಲೇ ಇರಬೇಕು ಎಂದು ಅವರು 1989ರಲ್ಲಿ ತರ್ಕಿಸಿದರು. ಆಗ ಕೈಯಲ್ಲಿ ಅಂಥ ಒಂದು ಗ್ರಾಹಿಯೂ ಇರಲಿಲ್ಲ. 1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ನಲ್ಲಿ ಬ್ರೂನೊ ಲಮೇತ್ರ್ ಮತ್ತು ಜೂಲ್ಸ್ ಹಾಫ್‌ಮನ್ ಅವರ ತಂಡ, ಟೋಲ್ ಎಂಬ ಜೀನು ಕೆಟ್ಟ ಹಣ್ಣುನೊಣಗಳು ಶಿಲೀಂಧ್ರದ ಸೋಂಕಿಗೆ ಸುಲಭವಾಗಿ ಬಲಿಯಾಗುವುದನ್ನು ಕಂಡಿತು. ಮರುವರ್ಷ ಜೇನ್ವೇ ಮತ್ತು ರುಸ್ಲಾನ್ ಮೆಡ್‌ಝಿಟೊವ್ ಅದೇ ಬಗೆಯ ಗ್ರಾಹಿಯನ್ನು ಮನುಷ್ಯನಲ್ಲೂ ಗುರುತಿಸಿದರು. 1998ರಲ್ಲಿ ಬ್ರೂಸ್ ಬಾಯ್ಟ್‌ಲರ್ ಇಲಿಗಳಲ್ಲಿ ಅಂಥ ಒಂದು ಗ್ರಾಹಿ ಬ್ಯಾಕ್ಟೀರಿಯದ ಹೊರಪೊರೆಯ ವಸ್ತುವಿಗೆ ಸ್ಪಂದಿಸುವುದನ್ನು ತೋರಿಸಿದರು. ಹಾಫ್‌ಮನ್ ಮತ್ತು ಬಾಯ್ಟ್‌ಲರ್ ಅವರಿಗೆ 2011ರಲ್ಲಿ ನೊಬೆಲ್ ಬಂತು, ಡೆಂಡ್ರೈಟಿಕ್ ಕೋಶಗಳನ್ನು ಕಂಡುಹಿಡಿದ ರಾಲ್ಫ್ ಸ್ಟೈನ್‌ಮನ್ ಅವರ ಜೊತೆಗೆ. ದಾರಿ ತೋರಿದ ಜೇನ್ವೇ 2003ರಲ್ಲೇ ತೀರಿಕೊಂಡಿದ್ದರು.

ಮನುಷ್ಯನಲ್ಲಿ ಟೋಲ್ ಬಗೆಯ 10 ಗ್ರಾಹಿಗಳಿವೆ. ಅವುಗಳಲ್ಲಿ 3, 7, 8 ಮತ್ತು 9ನೆಯವು ಮುಖ್ಯವಾಗಿ ವೈರಸ್ಸಿನ ಕಾವಲಿಗೆ. ಇವು ಕೋಶದ ಹೊರಮೈಯಲ್ಲಿಲ್ಲ, ಕೋಶ ಹೊರಗಿನದನ್ನು ನುಂಗಿದಾಗ ಒಳಗೆ ಉಂಟಾಗುವ ಆಮ್ಲೀಯ ಚೀಲಗಳ ಗೋಡೆಯಲ್ಲಿವೆ. ಈ ಜಾಗದ ಆಯ್ಕೆಯಲ್ಲಿ ದೊಡ್ಡ ಅರ್ಥವಿದೆ. ಆರೋಗ್ಯವಂತ ಕೋಶದ ಸ್ವಂತ ಆರ್‌ಎನ್‌ಎ ಈ ಚೀಲದೊಳಕ್ಕೆ ಬರುವ ಸಂದರ್ಭ ಕಡಿಮೆ. ಡೆಂಗಿ ವೈರಸ್ ಕೋಶವನ್ನು ಹೊಗುವುದು ಈ ಚೀಲದ ಮೂಲಕವೇ. ಅಲ್ಲಿ ಯಾವುದೋ ವೈರಸ್ ಒಡೆದು ಆರ್‌ಎನ್‌ಎ ಹೊರಚಾಚಿದರೆ 7ನೆಯ ಗ್ರಾಹಿ ಅದನ್ನು ಹಿಡಿಯುತ್ತದೆ. ಎರಡು ಎಳೆ ಹೆಣೆದುಕೊಂಡ ಆರ್‌ಎನ್‌ಎ 3ನೆಯದರ ಪಾಲು. ರಕ್ತದಲ್ಲಿರುವ ಪ್ಲಾಸ್ಮಸೈಟಾಯ್ಡ್ ಡೆಂಡ್ರೈಟಿಕ್ ಕೋಶ ಎಂಬ ವಿರಳ ಜಾತಿಯ ಕೋಶಗಳಲ್ಲಿ 7 ಮತ್ತು 9ನೆಯ ಗ್ರಾಹಿಗಳು ಹೇರಳವಾಗಿವೆ. ಹಾಗಾಗಿ ತಮ್ಮೊಳಗೆ ವೈರಸ್ ಬೆಳೆಯುವ ಮೊದಲೇ ಅವು ಸೋಂಕಿನ ಸುದ್ದಿಯನ್ನು ಮುಟ್ಟಿಸಬಲ್ಲವು.

ಆದರೂ ಬಹುಪಾಲು ವೈರಸ್ ಕಣಗಳು ಚೀಲದ ಗೋಡೆಯನ್ನು ದಾಟಿ ಕೋಶದ್ರವಕ್ಕೆ ಇಳಿಯುತ್ತವೆ. ಎರಡನೆಯ ಕಾವಲು ಇರುವುದು ಅಲ್ಲಿ. ಜಪಾನಿನ ತಕಾಶಿ ಫುಜಿತ ಅವರ ತಂಡ 2004ರಲ್ಲಿ ಗುರುತಿಸಿದ ರಿಗ್-ಐ ಎಂಬ ಪ್ರೋಟೀನು ಆರ್‌ಎನ್‌ಎ ಎಳೆಯ ತುದಿಯನ್ನು ಪರೀಕ್ಷಿಸುತ್ತದೆ. ಮನುಷ್ಯನ ಕೋಶಕೇಂದ್ರದಲ್ಲಿ ತಯಾರಾಗುವ ಸಂದೇಶವಾಹಕ ಆರ್‌ಎನ್‌ಎ ಹೊರಬರುವ ಮುನ್ನ ಅದರ ತಲೆಗೆ ರಾಸಾಯನಿಕ ಟೋಪಿಯೊಂದು ಏರುತ್ತದೆ, ಪಕ್ಕದ ಅಕ್ಷರಕ್ಕೆ ಮೀಥೈಲ್ ಗುರುತು ಬೀಳುತ್ತದೆ. ವೈರಸ್ ಗಡಿಬಿಡಿಯಲ್ಲಿ ನಕಲು ಮಾಡಿಕೊಳ್ಳುತ್ತಿರುವ ಹೊಸ ಎಳೆಗಳ ತುದಿಯಲ್ಲಿ ಟೋಪಿಯಿಲ್ಲದೆ ಮೂರು ಫಾಸ್ಫೇಟುಗಳು ಬರಿದಾಗಿ ನಿಂತಿರುತ್ತವೆ. ರಿಗ್-ಐ ಹಿಡಿಯುವುದು ಇದನ್ನೇ ಎಂದು 2006ರಲ್ಲಿ ಖಚಿತವಾಯಿತು. ಅದರ ಸೋದರ ಪ್ರೋಟೀನು ಎಂಡಿಎ-5 ಉದ್ದನೆಯ ಜೋಡಿ ಎಳೆಗಳ ಮೇಲೆ ಸಾಲುಗಟ್ಟಿ ಕೂರುತ್ತದೆ. ಅಂಥ ಉದ್ದದ ಜೋಡಿ ಎಳೆ ಆರೋಗ್ಯವಂತ ಕೋಶದ್ರವದಲ್ಲಿ ಇರುವುದೇ ಇಲ್ಲವೆನ್ನಬಹುದು. ವೈರಸ್ ಮರಿ ಹಾಕುವಾಗ ಅದು ಅನಿವಾರ್ಯ.

ಸ್ವಂತ ಆರ್‌ಎನ್‌ಎ ಮೇಲಿನ ಈ ಸಣ್ಣ ರಾಸಾಯನಿಕ ಗುರುತುಗಳು ಎಷ್ಟು ಮುಖ್ಯವೆಂಬುದಕ್ಕೆ ಆರ್‌ಎನ್‌ಎ ಬಗೆಯ ಕೋವಿಡ್ ಲಸಿಕೆಯೇ ಸಾಕ್ಷಿ. ಪ್ರಯೋಗಾಲಯದಲ್ಲಿ ತಯಾರಿಸಿದ ಆರ್‌ಎನ್‌ಎಯನ್ನು ಕೋಶಗಳಿಗೆ ಕೊಟ್ಟಾಗಲೆಲ್ಲ ಅವು ಅದನ್ನು ವೈರಸ್ ಎಂದೇ ಭಾವಿಸಿ ಉರಿಯೂತ ಎಬ್ಬಿಸುತ್ತಿದ್ದವು. ಎಳೆಯ ಯೂರಿಡಿನ್ ಬದಲಿಗೆ ಸ್ಯೂಡೊಯೂರಿಡಿನ್‌ನಂಥ ಮಾರ್ಪಟ್ಟ ಅಕ್ಷರ ಹಾಕಿದರೆ ಟೋಲ್ ಗ್ರಾಹಿಗಳು ಸುಮ್ಮನಿರುತ್ತವೆ ಎಂದು ಕಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ತೋರಿಸಿದರು. ಆಗ ಹೆಚ್ಚು ಜನ ಗಮನಿಸದ ಆ ಶೋಧಕ್ಕೆ 2023ರಲ್ಲಿ ನೊಬೆಲ್ ಸಂದಿತು.

ರಿಗ್-ಐ ವೈರಸ್ಸನ್ನು ಹಿಡಿದ ಮೇಲೆ ನಡೆಯುವ ಘಟನೆಗಳು ವೇಗವಾಗಿ ಸಾಗುತ್ತವೆ. ಅದು ಮಡಿಕೆ ಬಿಚ್ಚಿಕೊಂಡು ಮೈಟೊಕಾಂಡ್ರಿಯದ ಹೊರಪೊರೆಯಲ್ಲಿರುವ ಎಂಎವಿಎಸ್ ಎಂಬ ಪ್ರೋಟೀನನ್ನು ಮುಟ್ಟುತ್ತದೆ. ಮುಟ್ಟಿಸಿಕೊಂಡ ಒಂದು ಎಂಎವಿಎಸ್ ಪಕ್ಕದ್ದನ್ನು, ಅದು ಮತ್ತೊಂದನ್ನು ಸೆಳೆದು ಉದ್ದನೆಯ ನಾರುಗಳಾಗಿ ಹೆಣೆದುಕೊಳ್ಳುತ್ತವೆ. ಹೀಗೆ ತೀರ ಸಣ್ಣ ಸುಳಿವೂ ದೊಡ್ಡ ಸಂಕೇತವಾಗುತ್ತದೆ. ಆ ಸಂಕೇತ ಐಆರ್‌ಎಫ್-3 ಮುಂತಾದ ಪ್ರೋಟೀನುಗಳನ್ನು ಚುರುಕುಗೊಳಿಸಿ ಕೋಶಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿ ಅವು ತೆರೆಯುವ ಜೀನುಗಳಲ್ಲಿ ಮುಖ್ಯವಾದದ್ದು ಇಂಟರ್‌ಫೆರಾನ್.

ಇಂಟರ್‌ಫೆರಾನ್ ಪತ್ತೆಯಾದದ್ದು ಇದೆಲ್ಲ ತಿಳಿಯುವ ಎಷ್ಟೋ ವರ್ಷ ಮೊದಲು. 1957ರಲ್ಲಿ ಲಂಡನ್ನಿನ ಮಿಲ್ ಹಿಲ್ ಪ್ರಯೋಗಾಲಯದಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನ ಜೀನ್ ಲಿಂಡೆನ್‌ಮನ್ ಕೋಳಿಮೊಟ್ಟೆಯೊಳಗಿನ ಪೊರೆಯ ತುಣುಕುಗಳನ್ನು ಬಿಸಿ ಮಾಡಿ ಸಾಯಿಸಿದ ಫ್ಲೂ ವೈರಸ್ಸಿನ ಜೊತೆ ಇಟ್ಟರು. ಆ ತುಣುಕುಗಳನ್ನು ತೆಗೆದು, ಉಳಿದ ದ್ರವವನ್ನು ಹೊಸ ಪೊರೆಗೆ ಹಾಕಿದರು. ಹೊಸ ಪೊರೆಯಲ್ಲಿ ಜೀವಂತ ವೈರಸ್ ಬೆಳೆಯಲಿಲ್ಲ. ಅಂದರೆ ಸೋಂಕಿನ ಸುಳಿವು ಸಿಕ್ಕ ಕೋಶ ಏನನ್ನೋ ಹೊರಗೆ ಬಿಟ್ಟಿದೆ, ಅದು ಇನ್ನೂ ವೈರಸ್ ಕಾಣದ ಕೋಶವನ್ನು ರಕ್ಷಿಸುತ್ತಿದೆ. ಜಪಾನಿನ ಯಾಸುಇಚಿ ನಗಾನೊ ಮತ್ತು ಯಾಸುಹಿಕೊ ಕೋಜಿಮ ಮೊಲಗಳಲ್ಲಿ ಇಂಥದೇ ಪರಿಣಾಮವನ್ನು 1954ರಲ್ಲೇ ಕಂಡಿದ್ದರು. ಅವರಿಗೆ ಸಲ್ಲಬೇಕಾದ ಹೆಸರು ಸಂದಿಲ್ಲ. 1957ಕ್ಕೆ ಕರ್ನಾಟಕದಲ್ಲೂ ಒಂದು ಮಹತ್ವವಿದೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಮಂಗನ ಕಾಯಿಲೆಯ ವೈರಸ್ ಪತ್ತೆಯಾದದ್ದೂ ಆ ವರ್ಷವೇ. ಅದು ಡೆಂಗಿ ವೈರಸ್ಸಿನ ಕುಟುಂಬಕ್ಕೇ ಸೇರಿದ್ದು.

ಇಂಟರ್‌ಫೆರಾನ್ ಸ್ವತಃ ವೈರಸ್ಸನ್ನು ಮುಟ್ಟುವುದಿಲ್ಲ. ಊರಿಗೆ ಡಂಗುರ ಸಾರುವವನ ಹಾಗೆ ಅದರ ಕೆಲಸ ಎಚ್ಚರಿಸುವುದಷ್ಟೇ. ನೆರೆಯ ಕೋಶದ ಮೇಲಿನ ಗ್ರಾಹಿಗೆ ಅದು ಕೂತೊಡನೆ, ಒಳಗೆ ಸ್ಟ್ಯಾಟ್-1 ಮತ್ತು ಸ್ಟ್ಯಾಟ್-2 ಎಂಬ ಪ್ರೋಟೀನುಗಳು ಜೋಡಿಯಾಗಿ ಕೋಶಕೇಂದ್ರಕ್ಕೆ ಹೋಗಿ ನೂರಾರು ಜೀನುಗಳನ್ನು ಒಟ್ಟಿಗೆ ಎಬ್ಬಿಸುತ್ತವೆ. ಕೆಲವೇ ಗಂಟೆಗಳಲ್ಲಿ ಆ ಕೋಶ ವೈರಸ್ಸಿಗೆ ಒಗ್ಗದ ನೆಲವಾಗುತ್ತದೆ. ಐಎಫ್‌ಐಟಿಎಂ-3 ಎಂಬ ಪ್ರೋಟೀನು ವೈರಸ್ಸಿನ ಪೊರೆ ಚೀಲದ ಪೊರೆಯೊಡನೆ ಬೆಸೆಯದಂತೆ ತಡೆಯುತ್ತದೆ. ಪಿಕೆಆರ್ ಎಂಬುದು ಜೋಡಿ ಎಳೆಯ ಆರ್‌ಎನ್‌ಎ ಕಂಡರೆ ಕೋಶದ ಪ್ರೋಟೀನು ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ. ಆರ್‌ಎನ್‌ಏಸ್-ಎಲ್ ಎಂಬ ಕಿಣ್ವ ಸಿಕ್ಕ ಆರ್‌ಎನ್‌ಎಯನ್ನೆಲ್ಲ ಕತ್ತರಿಸುತ್ತದೆ, ವೈರಸ್ಸಿನದನ್ನೂ ಕೋಶದ್ದನ್ನೂ. ಈ ಕ್ರಮಗಳಿಂದ ಕೋಶಕ್ಕೂ ನಷ್ಟವಿದೆ, ಕೆಲವೊಮ್ಮೆ ಸಾವೂ ಇದೆ. ವೈರಸ್ ಮರಿ ಹಾಕಲು ಜಾಗ ಕೊಡುವುದಕ್ಕಿಂತ ಒಂದು ಕೋಶ ಸಾಯುವುದು ದೇಹಕ್ಕೆ ಲಾಭ.

ಇವುಗಳಲ್ಲಿ ವೈಪೆರಿನ್ ಎಂಬ ಕಿಣ್ವದ ಕೆಲಸವಂತೂ ಬೆರಗು ಹುಟ್ಟಿಸುತ್ತದೆ. ಆರ್‌ಎನ್‌ಎ ಕಟ್ಟಲು ಬೇಕಾದ ಸಿಟಿಪಿ ಎಂಬ ಅಕ್ಷರವನ್ನು ಅದು ಸ್ವಲ್ಪ ತಿರುಚಿ ಖೋಟಾ ಅಕ್ಷರವೊಂದನ್ನು ತಯಾರಿಸುತ್ತದೆ. ಡೆಂಗಿ, ಜೀಕಾದಂಥ ವೈರಸ್ಸುಗಳ ನಕಲು ಯಂತ್ರ ಅದನ್ನು ಅಸಲಿ ಎಂದು ಎತ್ತಿ ಪೋಣಿಸಿದರೆ ಎಳೆ ಅಲ್ಲಿಗೇ ನಿಂತುಹೋಗುತ್ತದೆ. ಎಚ್‌ಐವಿಗೆ ಕೊಡುವ ಕೆಲವು ಮಾತ್ರೆಗಳು ಇದೇ ತತ್ವದ ಮೇಲೆ ಕೆಲಸ ಮಾಡುತ್ತವೆ. ಔಷಧ ರಸಾಯನಶಾಸ್ತ್ರ ಇಪ್ಪತ್ತನೆಯ ಶತಮಾನದಲ್ಲಿ ಹುಡುಕಿಕೊಂಡ ಉಪಾಯವನ್ನು ಜೀವಕೋಶ ಲೆಕ್ಕವಿಲ್ಲದಷ್ಟು ಕಾಲದಿಂದ ಬಳಸುತ್ತಿತ್ತು ಎಂಬುದು ತಿಳಿದದ್ದು 2018ರಲ್ಲಿ.

ಇಷ್ಟೆಲ್ಲ ಇದ್ದರೂ ಡೆಂಗಿ ಬರುತ್ತದೆ. ಕೇವಲ 10 ಪ್ರೋಟೀನುಗಳ ವೈರಸ್ ಈ ವ್ಯವಸ್ಥೆಯ ಒಂದೊಂದು ಮೆಟ್ಟಿಲಿಗೂ ಒಂದೊಂದು ತಡೆ ಹುಡುಕಿಕೊಂಡಿದೆ. ಮೊದಲನೆಯದು, ಅದು ಬಯಲಿನಲ್ಲಿ ನಕಲಾಗುವುದಿಲ್ಲ. ಕೋಶದೊಳಗಿನ ಪೊರೆಯನ್ನು ಒಳಕ್ಕೆ ಒತ್ತಿ ಸಣ್ಣ ಗುಳ್ಳೆಗಳನ್ನು ಮಾಡಿಕೊಂಡು, ಜೋಡಿ ಎಳೆಗಳನ್ನು ಅವುಗಳೊಳಗೆ ಅಡಗಿಸುತ್ತದೆ. ಎರಡನೆಯದಾಗಿ, ತನ್ನ ಆರ್‌ಎನ್‌ಎಗೆ ತಾನೇ ಟೋಪಿ ತೊಡಿಸಿ, ಮೀಥೈಲ್ ಗುರುತನ್ನೂ ಹಾಕಿ ಕೋಶದ ಸ್ವಂತ ಎಳೆಯಂತೆ ಕಾಣಿಸುತ್ತದೆ. ಇದನ್ನು ಮಾಡುವುದು ಎನ್‌ಎಸ್-5 ಎಂಬ ಪ್ರೋಟೀನು. ವೈರಸ್ಸಿನ ಆರ್‌ಎನ್‌ಎಯನ್ನು ಕೋಶ ಕತ್ತರಿಸಿ ಹಾಕುವಾಗ ಪೂರ್ತಿ ಸವೆಯದೆ ಉಳಿಯುವ ಒಂದು ಚೂರು ಕೂಡ ವ್ಯರ್ಥವಾಗುವುದಿಲ್ಲ. ರಿಗ್-ಐ ಚುರುಕಾಗಲು ಬೇಕಾದ ಇನ್ನೊಂದು ಪ್ರೋಟೀನನ್ನು ಆ ಚೂರು ಕಟ್ಟಿಹಾಕುತ್ತದೆ. 1994ರಲ್ಲಿ ಪೋರ್ಟೊರಿಕೊದಲ್ಲಿ ಡೆಂಗಿ ಹಬ್ಬಿಸಿದ ತಳಿ ಅಲ್ಲಿದ್ದ ಹಳೆಯ ತಳಿಯನ್ನು ಹಿಂದಿಕ್ಕಲು ಈ ಸಾಮರ್ಥ್ಯ ನೆರವಾಯಿತೆಂದು 2015ರ ಅಧ್ಯಯನವೊಂದು ತೋರಿಸಿತು.

ಡಿಎನ್‌ಎ ಕಾವಲಿನ ವಿಷಯದಲ್ಲೂ ಹೀಗೆಯೇ. ಡಿಎನ್‌ಎ ಇರಬೇಕಾದದ್ದು ಕೋಶಕೇಂದ್ರದಲ್ಲಿ ಮತ್ತು ಮೈಟೊಕಾಂಡ್ರಿಯದೊಳಗೆ. ಕೋಶದ್ರವದಲ್ಲಿ ಕಂಡರೆ ಅದು ಅಪಾಯದ ಗುರುತು. ಸಿ-ಗ್ಯಾಸ್ ಎಂಬ ಕಿಣ್ವ ಅದನ್ನು ಹಿಡಿದು ಒಂದು ಪುಟ್ಟ ಅಣುವನ್ನು ತಯಾರಿಸುತ್ತದೆ, ಆ ಅಣು ಸ್ಟಿಂಗ್ ಎಂಬ ಪ್ರೋಟೀನನ್ನು ಎಚ್ಚರಿಸುತ್ತದೆ. ಸಿ-ಗ್ಯಾಸನ್ನು ಕಂಡುಹಿಡಿದ ಝಿಜಿಯನ್ ಚೆನ್ ಅವರಿಗೆ 2024ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಡೆಂಗಿ ಆರ್‌ಎನ್‌ಎ ವೈರಸ್ ಆದ್ದರಿಂದ ಅದಕ್ಕೂ ಈ ದಾರಿಗೂ ಸಂಬಂಧವಿಲ್ಲ ಅನ್ನಿಸಬಹುದು. ಆದರೆ ಸೋಂಕಿನಿಂದ ಮೈಟೊಕಾಂಡ್ರಿಯಗಳು ಜರ್ಜರಿತವಾಗಿ ಅವುಗಳ ಡಿಎನ್‌ಎ ಸೋರುತ್ತದೆ, ಸಿ-ಗ್ಯಾಸ್ ಅದನ್ನೂ ಹಿಡಿಯುತ್ತದೆ. ವೈರಸ್ಸಿಗೆ ಇದೂ ಗೊತ್ತಿದ್ದಂತಿದೆ: ತನ್ನ ಪ್ರೋಟೀನುಗಳನ್ನು ಕತ್ತರಿಸಿ ಬಿಡಿಸಿಕೊಳ್ಳಲು ಬಳಸುವ ಕಿಣ್ವದಿಂದಲೇ ಅದು ಮನುಷ್ಯನ ಸ್ಟಿಂಗ್ ಪ್ರೋಟೀನನ್ನೂ ಕತ್ತರಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಸ್ಟ್ಯಾಟ್-2ಕ್ಕೆ. ಎನ್‌ಎಸ್-5 ಅದನ್ನು ಹಿಡಿದು ಕೋಶದ ಕಸ ವಿಲೇವಾರಿ ವ್ಯವಸ್ಥೆಗೆ ಒಪ್ಪಿಸಿ ನಾಶ ಮಾಡಿಸುತ್ತದೆ. ಆಗ ಇಂಟರ್‌ಫೆರಾನ್ ಬಾಗಿಲಿಗೆ ಬಂದರೂ ಸೋಂಕಿತ ಕೋಶದೊಳಗೆ ಯಾರೂ ಓಗೊಡುವುದಿಲ್ಲ. ಇಲಿಯ ಸ್ಟ್ಯಾಟ್-2 ಎನ್‌ಎಸ್-5ರ ಹಿಡಿತಕ್ಕೆ ಸಿಗುವುದಿಲ್ಲ, ಇಲಿಯ ಸ್ಟಿಂಗ್ ಅದರ ಕತ್ತರಿಗೂ ಸಿಗುವುದಿಲ್ಲ. ಸಾಮಾನ್ಯ ಇಲಿಗೆ ಡೆಂಗಿ ಅಂಟಿಸುವುದು ಕಷ್ಟವಾಗಲು ಇದೊಂದು ಮುಖ್ಯ ಕಾರಣ. ಡೆಂಗಿ ಔಷಧಿಗಳನ್ನು ಪರೀಕ್ಷಿಸಲು ವಿಜ್ಞಾನಿಗಳು ಇಂಟರ್‌ಫೆರಾನ್ ಗ್ರಾಹಿಗಳನ್ನೇ ತೆಗೆದುಹಾಕಿದ ಇಲಿಗಳನ್ನು ಬಳಸಬೇಕಾಗಿ ಬಂತು. ಮನುಷ್ಯನಿಗೂ ಇಲಿಗೂ ನಡುವಿನ ಒಂದೆರಡು ಪ್ರೋಟೀನುಗಳ ವ್ಯತ್ಯಾಸ ಒಂದು ರೋಗದ ಔಷಧ ಸಂಶೋಧನೆಯನ್ನು ಎಷ್ಟು ನಿಧಾನಗೊಳಿಸಬಲ್ಲದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಕಡಿಮೆ.

ಕೋಶದೊಳಗಿನ ಈ ಸೆಣಸಾಟದ ಜೊತೆಗೆ ಹೊರಗೂ ಕೆಲಸ ನಡೆಯುತ್ತಿರುತ್ತದೆ. 1975ರಲ್ಲಿ ಗುರುತಿಸಲ್ಪಟ್ಟ ನ್ಯಾಚುರಲ್ ಕಿಲ್ಲರ್ ಕೋಶಗಳು ಮೈಯಲ್ಲಿ ಸುತ್ತುತ್ತ ಪ್ರತಿ ಕೋಶದ ಮೇಲ್ಮೈಯಲ್ಲಿ ಎಂಎಚ್‌ಸಿ ಎಂಬ ಗುರುತು ಇದೆಯೇ ಎಂದು ನೋಡುತ್ತವೆ. ಟಿ ಕೋಶಗಳಿಂದ ತಪ್ಪಿಸಿಕೊಳ್ಳಲು ಹರ್ಪಿಸ್‌ನಂಥ ವೈರಸ್ಸುಗಳು ಈ ಗುರುತನ್ನು ಅಳಿಸುತ್ತವೆ. ಗುರುತು ಇಲ್ಲದಿರುವುದೇ ಅಪರಾಧದ ಸಾಕ್ಷಿ ಎಂಬ ತತ್ವವನ್ನು ಸ್ವೀಡನ್ನಿನ ಕ್ಲಾಸ್ ಶೆರೆ 1980ರ ದಶಕದಲ್ಲಿ ವಿವರಿಸಿದರು. ಅಂಥ ಕೋಶ ಸಿಕ್ಕರೆ ಕಿಲ್ಲರ್ ಕೋಶ ಅದರ ಪೊರೆಯಲ್ಲಿ ರಂಧ್ರ ಕೊರೆದು, ಸಾವಿಗೆ ದೂಡುವ ಕಿಣ್ವಗಳನ್ನು ಒಳಗೆ ಬಿಡುತ್ತದೆ. ಡೆಂಡ್ರೈಟಿಕ್ ಕೋಶಗಳು ವೈರಸ್ಸಿನ ಚೂರುಗಳನ್ನು ಹೊತ್ತು ದುಗ್ಧಗ್ರಂಥಿಗಳಿಗೆ ಹೋಗಿ ಟಿ ಕೋಶಗಳಿಗೆ ತೋರಿಸುತ್ತವೆ. ಪ್ರತಿಕಾಯಗಳ ಕಥೆ ಶುರುವಾಗುವುದು ಅಲ್ಲಿಂದ.

ಜ್ವರ, ಚಳಿ, ಮೂಳೆ ಮುರಿದಂಥ ಮೈಕೈ ನೋವು, ಊಟ ಸೇರದಿರುವುದು: ರೋಗಿಗೆ ಅರಿವಾಗುವ ಡೆಂಗಿ ಇಷ್ಟು. ಇದರಲ್ಲಿ ಹೆಚ್ಚಿನ ಪಾಲು ವೈರಸ್ ನೇರವಾಗಿ ಮಾಡಿದ್ದಲ್ಲ. ಎಚ್ಚೆತ್ತ ಕೋಶಗಳು ಬಿಡುಗಡೆ ಮಾಡುವ ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಎಂಬ ಸಂದೇಶಗಳು ಮಿದುಳಿನ ಹೈಪೊಥಾಲಮಸ್ಸಿನಲ್ಲಿ ಪ್ರೋಸ್ಟಗ್ಲಾಂಡಿನ್ ಇ-2 ಹುಟ್ಟಿಸುತ್ತವೆ, ಅದು ಮೈಯ ಉಷ್ಣತೆಯ ಮಟ್ಟವನ್ನು ಮೇಲಕ್ಕೇರಿಸುತ್ತದೆ. ಇದಕ್ಕೆ ಬಲವಾದ ಪುರಾವೆ ಬೇರೊಂದು ಕಡೆಯಿಂದ ಬಂತು. ಹೆಪಟೈಟಿಸ್-ಸಿ ಕಾಯಿಲೆಗೆ ಹಲವು ವರ್ಷ ಇಂಟರ್‌ಫೆರಾನ್ ಚುಚ್ಚುಮದ್ದನ್ನೇ ಕೊಡುತ್ತಿದ್ದರು. ಫ್ಲೂ ವೈರಸ್ಸಿನ ಸುಳಿವೂ ಇಲ್ಲದ ಆ ರೋಗಿಗಳಿಗೆ ಫ್ಲೂ ಬಂದಂತೆಯೇ ಜ್ವರ, ಚಳಿ, ನೋವು, ಸುಸ್ತು ಆಗುತ್ತಿತ್ತು. ಬಿಳಿ ರಕ್ತಕಣಗಳೂ ಇಳಿಯುತ್ತಿದ್ದವು.

ಈ ವ್ಯವಸ್ಥೆ ಕುಂದಿದರೆ ಏನಾಗುತ್ತದೆ ಎಂಬುದನ್ನು ಕೋವಿಡ್ ತೋರಿಸಿತು. ಕೆಲವರ ಮೈಯಲ್ಲಿ ತಮ್ಮದೇ ಇಂಟರ್‌ಫೆರಾನನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಿರುತ್ತವೆ. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಥಿತಿ ಗಂಭೀರವಾಗಿದ್ದ 987 ಕೋವಿಡ್ ರೋಗಿಗಳಲ್ಲಿ 101 ಮಂದಿಗೆ ಅಂಥ ಪ್ರತಿಕಾಯಗಳಿದ್ದವು. ಲಕ್ಷಣವೇ ಇಲ್ಲದ ಅಥವಾ ಸೌಮ್ಯ ಸೋಂಕಿನ 663 ಮಂದಿಯಲ್ಲಿ ಒಬ್ಬರಿಗೂ ಇರಲಿಲ್ಲ. ಅತಿಯಾದರೂ ಕಷ್ಟವೇ. ಸ್ವಂತ ಡಿಎನ್‌ಎ ಚೂರುಗಳನ್ನು ತೆರವುಗೊಳಿಸುವ ಕಿಣ್ವ ಹುಟ್ಟಿನಿಂದಲೇ ಕೆಟ್ಟಿರುವ ಐಕಾರ್ಡಿ–ಗೂಟಿಯೇರ್ ಕಾಯಿಲೆಯ ಮಕ್ಕಳಲ್ಲಿ ಯಾವ ವೈರಸ್ಸೂ ಇಲ್ಲದೆ ಇಂಟರ್‌ಫೆರಾನ್ ಸದಾ ಹರಿಯುತ್ತದೆ, ಎಳೆಯ ಮಿದುಳು ಹಾಳಾಗುತ್ತದೆ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆಂದು ಮಾರುವ ಪುಡಿ, ಕಷಾಯ, ಮಾತ್ರೆಗಳ ಜಾಹೀರಾತು ಈ ಸಂಗತಿಯನ್ನು ಮರೆಮಾಚುತ್ತದೆ. ಈ ವ್ಯವಸ್ಥೆ ಬೇಗ ಏಳಬೇಕು, ಕೆಲಸ ಮುಗಿದೊಡನೆ ತಣ್ಣಗಾಗಬೇಕು. ಸದಾ ಜೋರಾಗಿರುವುದು ಆರೋಗ್ಯವಲ್ಲ.

ತೀವ್ರ ಡೆಂಗಿಯ ಅಪಾಯವೂ ಇಲ್ಲಿಗೇ ಬಂದು ಸೇರುತ್ತದೆ. ವೈರಸ್ಸಿನ ಎನ್‌ಎಸ್-1 ಪ್ರೋಟೀನು, ಅಂದರೆ ಆಸ್ಪತ್ರೆಯ ಡೆಂಗಿ ಪರೀಕ್ಷೆಯಲ್ಲಿ ಹುಡುಕುವ ಅದೇ ವಸ್ತು, ರಕ್ತದಲ್ಲಿ ತೇಲುತ್ತ ಟೋಲ್ ಬಗೆಯ 4ನೆಯ ಗ್ರಾಹಿಯನ್ನು ಕೆರಳಿಸುತ್ತದೆ. ಅದೂ, ಉಕ್ಕಿದ ಉರಿಯೂತದ ಸಂದೇಶಗಳೂ ಸೇರಿ ರಕ್ತನಾಳಗಳ ಒಳಪದರವನ್ನು ಸಡಿಲಗೊಳಿಸುತ್ತವೆ, ರಕ್ತದ ನೀರಿನಂಶ ಹೊರಗೆ ಸೋರುತ್ತದೆ. ಡೆಂಗಿಯ ನಾಲ್ಕು ಬಗೆಗಳಲ್ಲಿ ಒಂದು ಬಂದುಹೋದವರಿಗೆ ಮತ್ತೊಂದು ಬಗೆ ತಗುಲಿದಾಗ ಈ ಅಪಾಯ ಹೆಚ್ಚು. ಹಳೆಯ ಪ್ರತಿಕಾಯಗಳು ಹೊಸ ವೈರಸ್ಸನ್ನು ಸುಮ್ಮನಾಗಿಸಲಾರದೆ, ರಕ್ಷಕ ಕೋಶಗಳೊಳಕ್ಕೇ ಅದನ್ನು ಹೊತ್ತೊಯ್ಯುತ್ತವೆ.

ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಮಳೆಗಾಲ ಬಂತೆಂದರೆ ಮನೆಮನೆಯಲ್ಲೂ ಎದುರಾಗುವ ಈ ಕಾಯಿಲೆಯಲ್ಲಿ ಒಂದು ಮಾತನ್ನು ಮರೆಯಬಾರದು. ಸೋರಿಕೆ ಸಾಮಾನ್ಯವಾಗಿ ಶುರುವಾಗುವುದು ಜ್ವರ ಏರಿದ್ದಾಗಲ್ಲ, ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಜ್ವರ ಇಳಿಯುವ ಹೊತ್ತಿಗೆ. ಅನಂತರದ 24ರಿಂದ 48 ಗಂಟೆಗಳೇ ಹೆಚ್ಚು ಅಪಾಯದವು. ಜ್ವರ ಬಿಟ್ಟಿತೆಂದು ನಿರಾಳವಾಗದೆ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜ್ವರಕ್ಕೆ ವೈದ್ಯರು ಹೇಳಿದಷ್ಟೇ ಪ್ಯಾರಸಿಟಮಾಲ್ ಸಾಕು. ರಕ್ತಸ್ರಾವ ಹೆಚ್ಚಿಸುವ ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬಾರದು.